ಮಗ ಜಾಣ, ಆದರೆ ಓದಲು ಬರುವುದಿಲ್ಲ: ಯಾರ ಬಳಿ ಹೋಗಬೇಕು?

ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. ಮಗನಿಗೆ ಒಂಬತ್ತು ವರ್ಷ ತುಂಬಿದೆ. ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ, ಈಗ ನಾಲ್ಕನೇ ತರಗತಿ. ಮಾತಿನಲ್ಲಿ ಬಹಳ ಚುರುಕು, ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ, ಅವರಪ್ಪನ ಜೊತೆ ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತಾನೆ. ಪುಸ್ತಕ ಹಿಡಿದರೆ ಮಾತ್ರ ಒಂದು ಸಾಲು ಓದಲು ಐದು ನಿಮಿಷ ಬೇಕು. ಇಂಗ್ಲಿಷಿನಲ್ಲಿ ಅಕ್ಷರ ತಿರುಗುಮುರುಗು, ಕನ್ನಡದಲ್ಲಿ ಒತ್ತಕ್ಷರ, ದೀರ್ಘ ಎಲ್ಲವೂ ಬಿಟ್ಟು ಹೋಗುತ್ತವೆ. ಶಾಲೆಯಲ್ಲಿ ‘ಲಕ್ಷ್ಯ ಇಲ್ಲ, ಮನೆಯಲ್ಲಿ ಓದಿಸಿ’ ಎನ್ನುತ್ತಾರೆ. ಈ ವರ್ಷ ಬೆಳಿಗ್ಗೆ ಹೊಟ್ಟೆನೋವು ಎಂದು ಅಳುತ್ತಾನೆ, ದಡ್ಡ ಎಂದವರ ಮೇಲೆ ಕೈ ಮಾಡುತ್ತಾನೆ. ನಮ್ಮ ಯಜಮಾನರಿಗೂ ಓದು ತಲೆಗೆ ಹತ್ತಲಿಲ್ಲವೆಂದು ಏಳನೇ ತರಗತಿಗೇ ಶಾಲೆ ಬಿಟ್ಟವರು. ಅವರು ಮಗನನ್ನು ನವೋದಯ ಕೋಚಿಂಗ್ ಹಾಸ್ಟೆಲಿಗೆ ಹಾಕೋಣ ಎನ್ನುತ್ತಾರೆ, ನಮ್ಮ ಅಣ್ಣ ಕನ್ನಡ ಶಾಲೆಗೆ ಎನ್ನುತ್ತಾನೆ. ಪಟ್ಟಣದ ಒಂದು ಕೇಂದ್ರದವರು ಮೂರು ತಿಂಗಳಲ್ಲಿ ಮೆದುಳು ಚುರುಕು ಮಾಡುತ್ತೇವೆ, ಜೊತೆಗೆ ಪುಡಿ ಕೊಡುತ್ತೇವೆ ಎಂದಿದ್ದಾರೆ. ಯಾರೋ ‘ಅಂಗವಿಕಲ ಸರ್ಟಿಫಿಕೇಟ್ ಮಾಡಿಸಿ’ ಎಂದಾಗಿನಿಂದ ನನಗೆ ನಿದ್ದೆ ಇಲ್ಲ. ಯುಕೆಜಿಯಲ್ಲಿರುವ ಮಗಳಿಗೂ ಹೀಗೇ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಗನಿಗೆ ಆಗಿರುವುದಾದರೂ ಏನು ಎಂಬುದು ಮೊದಲನೆಯದು. ಮನೆಯವರು, ನೆಂಟರು, ಕೇಂದ್ರದವರು ತೋರಿಸುತ್ತಿರುವ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸಿಗುವ ಮುಂಚೆಯೇ ಎರಡನೆಯದನ್ನು ತೀರ್ಮಾನಿಸಿ, ಹಣವನ್ನೂ ಮಗುವಿನ ಎರಡು ಮೂರು ವರ್ಷಗಳನ್ನೂ ಕಳೆದುಕೊಂಡ ಮೇಲೆ ನನ್ನ ಬಳಿ ಬರುವ ಕುಟುಂಬಗಳು ಬಹಳ. ನೀವು ನಾಲ್ಕನೇ ತರಗತಿಯಲ್ಲೇ ಕೇಳಿದ್ದೀರಿ. ಕೆಲಸ ಮಾಡಲು ಇದು ಒಳ್ಳೆಯ ವಯಸ್ಸು.

ಪತ್ರ ಓದಿ ರೋಗನಿರ್ಣಯ ಮಾಡುವುದು ಸರಿಯಲ್ಲ. ಆದರೂ ಮಾತು, ತಿಳಿವಳಿಕೆ, ವ್ಯವಹಾರದ ಲೆಕ್ಕ ಎಲ್ಲವೂ ವಯಸ್ಸಿಗೆ ತಕ್ಕಂತಿದ್ದು ಓದು-ಬರಹ ಮಾತ್ರ ಹಿಂದೆ ಬಿದ್ದಿರುವ ಚಿತ್ರವನ್ನು ಕಂಡಾಗ ನಾವು ಮೊದಲು ಯೋಚಿಸುವುದು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು, ಅದರಲ್ಲೂ ಓದಿಗೆ ಸಂಬಂಧಿಸಿದ ಡಿಸ್ಲೆಕ್ಸಿಯಾವನ್ನು. ಇದು ಬುದ್ಧಿಮಾಂದ್ಯತೆಯಲ್ಲ, ಹುಚ್ಚೂ ಅಲ್ಲ. ಕೇಳಿದ ಮಾತನ್ನು ಸಣ್ಣ ಸಣ್ಣ ಧ್ವನಿಗಳಾಗಿ ಬಿಡಿಸಿ, ಆ ಧ್ವನಿಗಳನ್ನು ಕಾಗದದ ಮೇಲಿನ ಗುರುತುಗಳೊಂದಿಗೆ ಬೇಗ ಬೇಗ ಜೋಡಿಸುವ ಕೆಲಸವೊಂದು ಮೆದುಳಿನಲ್ಲಿ ನಡೆಯಬೇಕು. ಈ ಮಕ್ಕಳಲ್ಲಿ ಅದು ನಿಧಾನವಾಗಿ, ಬಹಳ ಶ್ರಮದಿಂದ ನಡೆಯುತ್ತದೆ. ಉಳಿದವರಿಗೆ ಎರಡನೇ ತರಗತಿಯ ಹೊತ್ತಿಗೆ ತಾನಾಗಿಯೇ ಆಗುವ ಈ ಜೋಡಣೆಗೆ ಇವರು ಪ್ರತಿ ಸಾಲಿನಲ್ಲೂ ಶಕ್ತಿ ವ್ಯಯಿಸಬೇಕಾಗುತ್ತದೆ, ಆದ್ದರಿಂದ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿಗೆ ಓದಿದ್ದು ಮರೆತಿರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ‘ಲಕ್ಷ್ಯ ಇಲ್ಲ’ ಎಂದು ಕಾಣುತ್ತದೆ. ಈ ತೊಂದರೆ ವಂಶದಲ್ಲಿ ಹರಿದು ಬರುವುದು ಸಾಮಾನ್ಯ, ಹೀಗಾಗಿ ನಿಮ್ಮ ಯಜಮಾನರಿಗೂ ಓದು ಹತ್ತಲಿಲ್ಲ ಎಂಬ ಮಾತು ತಪಾಸಣೆ ಮಾಡುವವರಿಗೆ ಮುಖ್ಯವಾದ ಮಾಹಿತಿ; ಅದನ್ನು ಸಂಕೋಚವಿಲ್ಲದೆ ಹೇಳಿ. ನೀವು ಬಸುರಿಯಿದ್ದಾಗ ಏನೋ ತಿಂದದ್ದರಿಂದಾಗಲಿ, ಮೊಬೈಲ್ ಕೊಟ್ಟದ್ದರಿಂದಾಗಲಿ, ದೃಷ್ಟಿ ತಾಗಿದ್ದರಿಂದಾಗಲಿ ಇದು ಬರುವುದಿಲ್ಲ.

ಆದರೆ ಓದು ಹಿಂದೆ ಬಿದ್ದ ಪ್ರತಿ ಮಗುವಿಗೂ ಡಿಸ್ಲೆಕ್ಸಿಯಾ ಇರುವುದಿಲ್ಲ, ಮತ್ತು ನಮ್ಮ ಭಾಗದಲ್ಲಿ ಇದನ್ನು ಸ್ವಲ್ಪ ಎಚ್ಚರಿಕೆಯಿಂದಲೇ ನೋಡಬೇಕು. ಮನೆಯಲ್ಲಿ ‘ಮನ್ಯಾಗ’, ‘ಹ್ವಾದ’ ಎಂದು ಕೇಳಿ ಬೆಳೆದ ಮಗುವಿಗೆ ಪುಸ್ತಕದ ‘ಮನೆಯಲ್ಲಿ’, ‘ಹೋದನು’ ಅರ್ಧ ಹೊಸ ಭಾಷೆ. ‘ಮನೆಯಲ್ಲಿ’ ಎಂದು ಬರೆದಿರುವುದನ್ನು ‘ಮನ್ಯಾಗ’ ಎಂದು ಓದಿದ ಮಗು ಅರ್ಥವನ್ನು ಹಿಡಿದಿದೆ. ಅದನ್ನು ತಪ್ಪೆಂದು ಕೆಂಪು ಗೀಟು ಹಾಕುವುದು ನ್ಯಾಯವಲ್ಲ. ನಮ್ಮ ಮಾತಿನಲ್ಲಿ ಮಹಾಪ್ರಾಣ ಸರಿಯಾಗಿ ಕೇಳಿಸದೇ ಇರುವುದರಿಂದ ‘ಭಾಷೆ’ಯನ್ನು ‘ಬಾಷೆ’ ಎಂದು ಬರೆಯುವುದೂ ಸಹಜ. ಲಂಬಾಣಿ ತಾಂಡಾಗಳ ಮಕ್ಕಳಿಗೆ, ಮನೆಯಲ್ಲಿ ಉರ್ದು ಅಥವಾ ಮರಾಠಿ ಆಡುವ ಮಕ್ಕಳಿಗೆ ಈ ಅಂತರ ಇನ್ನೂ ದೊಡ್ಡದು. ಕನ್ನಡದಲ್ಲಿ ಮೂಲಾಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕಲಿಯಬೇಕಾದ ಗುರುತುಗಳ ಸಂಖ್ಯೆ ನೂರಾರು ಆಗುವುದರಿಂದ ಆರೋಗ್ಯವಂತ ಮಕ್ಕಳೂ ಪೂರ್ಣ ಹಿಡಿತ ಸಾಧಿಸಲು ಮೂರು ನಾಲ್ಕು ವರ್ಷ ತೆಗೆದುಕೊಳ್ಳುತ್ತಾರೆ. ನಮಗೆ ಸಂಶಯ ತರುವುದು ಬೇರೆ ಬಗೆಯ ತಪ್ಪು: ನಾಲ್ಕನೇ ತರಗತಿಯಲ್ಲೂ ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದುವುದು, ಕೊಂಬು, ದೀರ್ಘ, ಸೊನ್ನೆಗಳು ಓದುವಾಗಲೂ ಬರೆಯುವಾಗಲೂ ಜಾರಿ ಹೋಗುವುದು, ಒಂದೇ ಪದ ಮೂರನೇ ಸಾಲಿನಲ್ಲಿ ಮತ್ತೆ ಬಂದರೂ ಹೊಸದಾಗಿ ತಡಕಾಡುವುದು, ‘ಕಮಲ’ದಲ್ಲಿ ‘ಕ’ ತೆಗೆದರೆ ಏನುಳಿಯುತ್ತದೆ ಎಂಬ ಬಾಯಿಮಾತಿನ ಆಟವೂ ಆಗದಿರುವುದು. ಇಂಥ ತೊಂದರೆ ಕಲಿಯುವ ಎರಡೂ ಭಾಷೆಗಳಲ್ಲಿ ಕಂಡರೆ ಸಂಶಯ ಗಟ್ಟಿಯಾಗುತ್ತದೆ. ನಿಮ್ಮ ಮಗನಲ್ಲಿ ಹಾಗೆ ಕಾಣುತ್ತಿದೆ.

ಹಾಗಿದ್ದರೂ ಮೊದಲ ಭೇಟಿ ಮಕ್ಕಳ ತಜ್ಞರದೇ ಆಗಿರಲಿ. ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸದೆ ಕಲಿಕೆಯ ಪರೀಕ್ಷೆಗೆ ಕೂರಿಸಬಾರದು. ವರ್ಷಗಟ್ಟಲೆ ಕಿವಿ ಸೋರಿಸಿಕೊಂಡು, ಮಧ್ಯಮ ಪ್ರಮಾಣದ ಕಿವುಡಿನಿಂದ ಹಿಂದಿನ ಬೆಂಚಿನಲ್ಲಿ ಕುಳಿತಿರುವ ಮಕ್ಕಳು ಎಷ್ಟೋ ಇದ್ದಾರೆ. ನಮ್ಮಲ್ಲಿ ಸೋದರಮಾವನ ಮಗಳು, ಅತ್ತೆಯ ಮಗ ಎಂದು ರಕ್ತಸಂಬಂಧದ ಮದುವೆಗಳು ಹೆಚ್ಚಿರುವುದರಿಂದ ಹುಟ್ಟಿನಿಂದ ಬರುವ ಕಿವುಡನ್ನೂ ಮರೆಯುವಂತಿಲ್ಲ. ರಕ್ತಹೀನತೆ, ನಿದ್ದೆಗೇಡು, ಥೈರಾಯ್ಡ್ ಇವನ್ನೂ ವೈದ್ಯರು ನೋಡುತ್ತಾರೆ. ಮಗ ಮಾತಿನ ನಡುವೆ ಕೆಲವು ಸೆಕೆಂಡು ಕಣ್ಣು ನೆಟ್ಟು ನಿಂತು, ಕರೆದರೂ ಅರಿವಿಲ್ಲದೆ, ಮತ್ತೆ ಏನೂ ಆಗದವನಂತೆ ಮುಂದುವರಿಯುತ್ತಿದ್ದರೆ ಅದನ್ನು ತಪ್ಪದೇ ತಿಳಿಸಿ. ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು ಮತ್ತು ಅದಕ್ಕೆ ಒಳ್ಳೆಯ ಔಷಧಿ ಇದೆ. ಹೊಟ್ಟೆನೋವನ್ನೂ ಅವರೇ ಒಮ್ಮೆ ನೋಡಲಿ. ಜಂತು, ಮಲಬದ್ಧತೆ ಇಲ್ಲವೆಂದಾದರೆ, ರವಿವಾರ ಬಾರದೆ ಸೋಮವಾರ ಬರುವ ಹೊಟ್ಟೆನೋವು ಹೆದರಿಕೆಯದು. ಅದು ನಾಟಕವಲ್ಲ, ಹೆದರಿದ ಮಗುವಿನ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ದಡ್ಡ ಎಂದವರ ಮೇಲೆ ಕೈ ಮಾಡುವುದೂ ಅದೇ ಹೆದರಿಕೆಯ ಇನ್ನೊಂದು ಮುಖವಾಗಿರುವ ಸಾಧ್ಯತೆ ಹೆಚ್ಚು. ಆದರೆ ಮನೆಯಲ್ಲಿ, ಹೊಲದಲ್ಲಿ, ಆಟದಲ್ಲಿ ಕೂಡ ಒಂದು ಕಡೆ ನಿಲ್ಲದೆ, ಸರದಿ ಕಾಯದೆ, ಹಿಡಿದ ಕೆಲಸ ಬಿಟ್ಟು ಓಡುವ ಸ್ವಭಾವ ಮೊದಲಿನಿಂದಲೂ ಇದ್ದರೆ ಅವಧಾನದ ಕೊರತೆ, ಅಂದರೆ ಎಡಿಎಚ್‌ಡಿ ಇದೆಯೇ ಎಂದೂ ನೋಡಬೇಕಾಗುತ್ತದೆ. ಪಂಪ್‌ಸೆಟ್ ಮುಂದೆ ತಾಸುಗಟ್ಟಲೆ ಕೂರಬಲ್ಲ ಹುಡುಗನ ಬಗ್ಗೆ ಅದು ನನ್ನ ಮೊದಲ ಊಹೆಯಲ್ಲ, ಆದರೆ ಇಷ್ಟದ ಕೆಲಸದಲ್ಲಿ ಆ ಮಕ್ಕಳೂ ಮೈಮರೆತು ಕೂರುವುದುಂಟು, ಆದ್ದರಿಂದ ಆ ಪ್ರಶ್ನೆಯನ್ನು ಮುಚ್ಚಿಬಿಡುವುದೂ ಬೇಡ.

ಮುಂದಿನದು ಕಲಿಕೆಯ ತಪಾಸಣೆ, ಮತ್ತು ಇಲ್ಲಿಯೇ ಪಾಲಕರು ಹೆಚ್ಚು ಮೋಸ ಹೋಗುವುದು. ಇದನ್ನು ಮಾಡಬೇಕಾದವರು ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಪುನರ್ವಸತಿ ಮನೋವಿಜ್ಞಾನಿ. ಆಮೇಲೆ ಕಲಿಸುವವರು ವಿಶೇಷ ಶಿಕ್ಷಕರು. ಇಬ್ಬರಿಗೂ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಸಂಖ್ಯೆ ಇರಬೇಕು. ಆರ್‌ಸಿಐ ಸಂಖ್ಯೆ ಕೇಳಿದರೆ ನಿಜವಾದ ವೃತ್ತಿಪರರು ಬೇಸರಪಡುವುದಿಲ್ಲ, ಬೇಸರಪಟ್ಟವರಿಂದ ದೂರವಿರಿ. ಸರ್ಕಾರದ ವ್ಯವಸ್ಥೆಯಲ್ಲಿ ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಿಂದ ಆರಂಭಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನವರಿಗೆ ಅನ್ವಯಿಸುತ್ತದೆ, ಕಲಿಕಾ ತೊಂದರೆಯೂ ಅದರ ಪಟ್ಟಿಯಲ್ಲಿದೆ. ಅದರ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗುವುದರಿಂದ ಖಾಸಗಿ ಶಾಲೆಯ ನಿಮ್ಮ ಮಗ ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ, ನೀವೇ ಹೋಗಿ ಕೇಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರದಲ್ಲಿ ಮನೋವೈದ್ಯರು ಸಿಗುತ್ತಾರೆ, ಜಮಖಂಡಿಯಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಪೂರ್ಣ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಗೆ ಹತ್ತಿರದ ದೊಡ್ಡ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಈ ಮೂರೂ ಊರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮಕ್ಕಳ ವಿಭಾಗವೂ ಮನೋವೈದ್ಯ ವಿಭಾಗವೂ ಇವೆ. ಹೊರಡುವ ಮುಂಚೆ ಫೋನ್ ಮಾಡಿ ‘ಕಲಿಕಾ ನ್ಯೂನತೆಯ ಪರೀಕ್ಷೆ ಮಾಡುತ್ತೀರಾ, ಯಾವ ದಿನ ಬರಬೇಕು’ ಎಂದು ಸ್ಪಷ್ಟವಾಗಿ ಕೇಳಿದರೆ ಒಂದು ದಿನದ ಕೂಲಿ ಮತ್ತು ಬಸ್ ಖರ್ಚು ಉಳಿಯುತ್ತದೆ. ದಾರಿ ತಿಳಿಯದೇ ಹೋದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತಪಾಸಣೆ ಒಂದೇ ದಿನ ಮುಗಿಯದೇ ಇರಬಹುದು. ಮೊದಲು ಬುದ್ಧಿಶಕ್ತಿಯ ಪರೀಕ್ಷೆ ಇರುತ್ತದೆ. ಅದಕ್ಕೆ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ರೂಪಿಸಿದ್ದರು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಅಭಿಮಾನವೆನಿಸುತ್ತದೆ. ಆನಂತರ ಓದು, ಬರಹ, ಕಾಗುಣಿತ, ಲೆಕ್ಕಗಳನ್ನು ಅಳೆಯುವ ನಿಮ್ಹಾನ್ಸ್ ಪರೀಕ್ಷಾಮಾಲೆ. ಕನ್ನಡದಲ್ಲಿಯೂ ಓದಿಸಿ ನೋಡಿ ಎಂದು ನೀವೇ ಕೇಳಿಕೊಳ್ಳಿ, ಏಕೆಂದರೆ ಮನೆಯಲ್ಲಿ ಇಂಗ್ಲಿಷೇ ಇಲ್ಲದ ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಅಳೆದರೆ ಬರುವ ಫಲಿತಾಂಶವನ್ನು ನಂಬುವುದು ಕಷ್ಟ. ಹೋಗುವಾಗ ಈ ವರ್ಷದ ಮತ್ತು ಹಿಂದಿನ ವರ್ಷದ ನೋಟ್‌ಬುಕ್ಕುಗಳನ್ನು, ತಪ್ಪು ತಿದ್ದಿ ಅಂದಗೊಳಿಸದೆ ಇದ್ದಂತೆಯೇ ಒಯ್ಯಿರಿ. ಅಂಕಪಟ್ಟಿ, ಹೆರಿಗೆಯ ದಾಖಲೆ, ಕಿವಿ-ಕಣ್ಣಿನ ವರದಿ, ಸಾಧ್ಯವಾದರೆ ತರಗತಿ ಶಿಕ್ಷಕರ ಒಂದು ಪುಟದ ಬರಹವೂ ಇರಲಿ. ವರದಿ ಕೈಗೆ ಬಂದಾಗ ಕೇವಲ ಒಂದು ಅಂಕೆ ಅಥವಾ ಹೆಸರಿನೊಂದಿಗೆ ಹಿಂತಿರುಗಬೇಡಿ. ಯಾವ ಹಂತದಲ್ಲಿ ಸಿಕ್ಕಿಕೊಂಡಿದ್ದಾನೆ, ಎಲ್ಲಿಂದ ಕಲಿಸಬೇಕು, ಶಾಲೆಗೆ ಏನು ಹೇಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೆದುಳು ಚುರುಕು ಮಾಡುವ ಕೇಂದ್ರದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಹಣ ಕೊಡಬೇಡಿ. ಡಿಸ್ಲೆಕ್ಸಿಯಾವನ್ನು ಗುಣಪಡಿಸುವ ಪುಡಿ, ಟಾನಿಕ್, ಮಾತ್ರೆ ಯಾವುದೂ ಇಲ್ಲ. ಕಣ್ಣು ಕಟ್ಟಿಕೊಂಡು ಓದಿಸುವ ಪ್ರದರ್ಶನಗಳಿಗೂ ವೈಜ್ಞಾನಿಕ ಆಧಾರವಿಲ್ಲ. ಮೂರು ತಿಂಗಳು ಎಂಬ ಗಡುವು ಕೊಟ್ಟವರು ಈ ತೊಂದರೆಯನ್ನು ಅರಿತವರಲ್ಲ. ಎಡಿಎಚ್‌ಡಿ ಇದೆಯೆಂದು ಸಿದ್ಧವಾದರೆ ಮಾತ್ರ ಮನೋವೈದ್ಯರು ಮಾತ್ರೆ ಬರೆಯಬಹುದು. ಮೀಥೈಲ್‌ಫೆನಿಡೇಟ್‌ನಂಥ ಔಷಧಿಗಳು ಅವಧಾನಕ್ಕೆ ನೆರವಾಗುತ್ತವೆ, ಹಸಿವು ಮತ್ತು ನಿದ್ದೆ ಕಡಿಮೆ ಮಾಡಬಹುದು, ತೂಕ ಮತ್ತು ರಕ್ತದೊತ್ತಡ ನೋಡುತ್ತಾ ಕೊಡಬೇಕು. ಅವೂ ಅಕ್ಷರ ಕಲಿಸುವುದಿಲ್ಲ.

ನವೋದಯ ಕೋಚಿಂಗ್ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮೂರು ಜಿಲ್ಲೆಗಳಲ್ಲಿ ನವೋದಯ, ಸೈನಿಕ ಶಾಲೆ, ಮೊರಾರ್ಜಿ ಪ್ರವೇಶ ಪರೀಕ್ಷೆಗಳಿಗಾಗಿ ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ವಸತಿ ಕೋಚಿಂಗಿಗೆ ಕಳಿಸುವುದು ಮನೆಮನೆಯ ಮಾತಾಗಿದೆ. ನಿಮ್ಮ ಯಜಮಾನರ ಆಸೆ ನನಗೆ ಅರ್ಥವಾಗುತ್ತದೆ. ತನಗೆ ಸಿಗದ ಓದು ಮಗನಿಗೆ ಸಿಗಲಿ ಎಂಬ ತಂದೆಯ ಹಂಬಲದಲ್ಲಿ ತಪ್ಪೇನೂ ಇಲ್ಲ. ಆದರೆ ಐದನೇ ತರಗತಿಯಲ್ಲಿ ಬರೆಯುವ ಆ ಪರೀಕ್ಷೆ ನಿಗದಿತ ಸಮಯದಲ್ಲಿ ಬೇಗ ಓದಿ ಉತ್ತರ ಗುರುತಿಸುವ ಪರೀಕ್ಷೆ. ಓದೇ ನಿಧಾನವಾಗಿರುವ ಮಗುವನ್ನು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಓದಿಸುವ ಹಾಸ್ಟೆಲಿಗೆ ಹಾಕುವುದೆಂದರೆ, ಕಾಲು ಉಳುಕಿದವನನ್ನು ಓಟದ ತರಬೇತಿಗೆ ಕಳಿಸಿದಂತೆ. ಅಲ್ಲಿ ಕೆಳಹಂತದಿಂದ ಅಕ್ಷರ ಕಲಿಸುವವರು ಇರುವುದಿಲ್ಲ, ತಪ್ಪಿದ್ದಕ್ಕೆ ಹೊಡೆತ ಬೀಳುವ ಜಾಗಗಳೂ ಇವೆ, ಅಳಲು ತಾಯಿಯೂ ಹತ್ತಿರವಿರುವುದಿಲ್ಲ. ಈಗಾಗಲೇ ಬೆಳಿಗ್ಗೆ ಅಳುತ್ತಿರುವ ಮಗನನ್ನು ಈ ವರ್ಷ ದಯವಿಟ್ಟು ಕಳಿಸಬೇಡಿ. ಯಜಮಾನರನ್ನು ತಪಾಸಣೆಯ ದಿನ ಜೊತೆಗೆ ಕರೆದೊಯ್ಯಿರಿ. ಮಗ ಎಲ್ಲಿ ಎಡವುತ್ತಾನೆ ಎಂಬುದನ್ನು ಎದುರಿಗೆ ಕುಳಿತು ನೋಡಿದ ತಂದೆಯರು ಆಮೇಲೆ ಮಗನ ಪಕ್ಷ ವಹಿಸಿ ಮಾತಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕನ್ನಡ ಶಾಲೆಯ ಸಲಹೆಯಲ್ಲಿ ಹುರುಳಿದೆ, ಆದರೆ ಅದು ಚಿಕಿತ್ಸೆಯಲ್ಲ. ಪಾಠ ಅರ್ಥವಾಗುವುದರಿಂದ ವಿಷಯಗಳ ಹೊರೆ ಇಳಿಯುತ್ತದೆ, ಮಗ ಬಾಯಲ್ಲಿ ಉತ್ತರ ಹೇಳಬಲ್ಲವನಾಗುತ್ತಾನೆ, ನೀವೂ ಮನೆಯಲ್ಲಿ ನೆರವಾಗಬಲ್ಲಿರಿ. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಿಶೇಷ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಯವರ ನೆರವು ಕೇಳುವ ಹಕ್ಕೂ ಸಿಗುತ್ತದೆ. ಇನ್ನೊಂದು ಕಡೆ, ಒತ್ತಕ್ಷರ-ಕಾಗುಣಿತ ಗಟ್ಟಿಯಿಲ್ಲದ ಹುಡುಗ ಎಲ್ಲ ವಿಷಯಗಳನ್ನೂ ಕನ್ನಡದಲ್ಲಿ ಓದಿ ಬರೆಯಬೇಕಾಗುತ್ತದೆ, ಹೊಸ ಶಾಲೆ, ಹೊಸ ಗೆಳೆಯರು ಎಂಬ ಭಾರವೂ ಸೇರುತ್ತದೆ. ನಾನಾದರೆ ವರ್ಷದ ನಡುವೆ ಬದಲಿಸುವುದಿಲ್ಲ. ಆರು ತಿಂಗಳು ಕನ್ನಡ ಓದನ್ನು ಕೆಳಗಿನಿಂದ ಕಟ್ಟಿ, ಜೂನ್‌ನಲ್ಲಿ ಮಗನನ್ನೂ ಕೇಳಿ ತೀರ್ಮಾನಿಸುತ್ತೇನೆ.

ಕಟ್ಟುವುದು ಹೇಗೆ ಎಂಬುದೇ ನಿಜವಾದ ಕೆಲಸ. ಈ ಮಕ್ಕಳಿಗೆ ಹೆಚ್ಚು ಹೊತ್ತಿನ ಟ್ಯೂಷನ್ ಬೇಕಿಲ್ಲ, ಕಲಿಸುವ ರೀತಿ ಬೇರೆಯಾಗಬೇಕು. ಮೊದಲು ಬಾಯಿಮಾತಿನಲ್ಲೇ ಪದಗಳನ್ನು ತುಂಡರಿಸುವ, ಜೋಡಿಸುವ ಆಟ, ಆಮೇಲೆ ಗಟ್ಟಿಯಿರುವ ಮೂಲಾಕ್ಷರಗಳಿಂದಲೇ ಆಗುವ ‘ಮರ’, ‘ಸರಸ’ದಂಥ ಪದಗಳು, ಅವು ತಡವರಿಸದೆ ಬಂದ ಮೇಲೆ ವಾರಕ್ಕೊಂದು ಸ್ವರಚಿಹ್ನೆ, ಒತ್ತಕ್ಷರಗಳಲ್ಲಿ ಮೊದಲು ‘ಅಕ್ಕ’, ‘ಅಮ್ಮ’ದಂಥ ಸಜಾತೀಯವು, ‘ಶಕ್ತಿ’, ‘ಪುಸ್ತಕ’ದಂಥವು ಆನಂತರ, ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಬೆರಳಿನಿಂದ ರವೆಯ ಮೇಲೆ ಬರೆಯುತ್ತಾ ಗಟ್ಟಿಯಾಗಿ ಉಚ್ಚರಿಸಲಿ, ಒಂದೇ ಚಿಕ್ಕ ಕಥೆಯನ್ನು ಮೂರು ನಾಲ್ಕು ದಿನ ಓದಲಿ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ, ಸಿಟ್ಟು ಬಂದ ದಿನ ಬಿಟ್ಟುಬಿಡಿ. ನಮ್ಮ ಜಿಲ್ಲೆಗಳಲ್ಲಿ ನೋಂದಾಯಿತ ವಿಶೇಷ ಶಿಕ್ಷಕರು ಕಡಿಮೆ ಇರುವುದರಿಂದ, ಅವರನ್ನು ತಿಂಗಳಿಗೊಮ್ಮೆ ಕಂಡು ಯೋಜನೆ ಹಾಕಿಸಿಕೊಂಡು ದಿನನಿತ್ಯದ ಕೆಲಸವನ್ನು ಮನೆಯವರೋ ತಾಳ್ಮೆಯಿರುವ ಕಾಲೇಜು ವಿದ್ಯಾರ್ಥಿನಿಯೋ ಮಾಡುವ ಏರ್ಪಾಡು ಅನೇಕ ಮನೆಗಳಲ್ಲಿ ನಡೆದಿದೆ. ಇದರ ಅಪಾಯವೆಂದರೆ ಕಲಿಸುವ ತಾಯಿಯೇ ಬೈಯುವ ತಾಯಿಯೂ ಆಗಿಬಿಡುವುದು. ಹಾಗಾಗುತ್ತಿದೆ ಅನ್ನಿಸಿದರೆ ಬೇರೆಯವರಿಗೆ ಒಪ್ಪಿಸಿ. ಈ ನಡುವೆ ಸಮಾಜ, ವಿಜ್ಞಾನದ ಪಾಠಗಳನ್ನು ನೀವು ಓದಿ ಹೇಳಿ, ಅವನು ಕೇಳಿ ಕಲಿಯಲಿ. ಓದು ಬರುವವರೆಗೆ ಜ್ಞಾನ ಕಾಯಬೇಕಾಗಿಲ್ಲ. ಫಲ ಕಾಣಲು ತಿಂಗಳುಗಳು ಬೇಕು, ಓದು ಇತರರಿಗಿಂತ ನಿಧಾನವಾಗಿಯೇ ಉಳಿಯಬಹುದು, ಆದರೆ ತನ್ನಷ್ಟಕ್ಕೆ ಓದಿ ಅರ್ಥಮಾಡಿಕೊಳ್ಳುವ ಮಟ್ಟಕ್ಕೆ ಹೆಚ್ಚಿನ ಮಕ್ಕಳು ಬರುತ್ತಾರೆ.

ಶಾಲೆಯೊಂದಿಗೆ ಜಗಳಕ್ಕೆ ಹೋಗುವ ಮೊದಲು ವರದಿಯ ಪ್ರತಿಯೊಂದಿಗೆ ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ. ಎಲ್ಲರೆದುರು ಗಟ್ಟಿಯಾಗಿ ಓದಿಸಬಾರದು, ಬೋರ್ಡಿನ ಮೇಲಿನದನ್ನು ಪೂರ್ತಿ ನಕಲು ಮಾಡಿಸಬಾರದು, ಕೆಲವು ಉತ್ತರಗಳನ್ನು ಬಾಯಲ್ಲಿ ಕೇಳಬೇಕು, ದಡ್ಡ ಎಂಬ ಮಾತು ತರಗತಿಯಲ್ಲಿ ನಿಲ್ಲಬೇಕು: ಇಷ್ಟು ಕೇಳಿಕೊಳ್ಳಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಮಕ್ಕಳ ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ತಕ್ಕ ಕ್ರಮ ಕೈಗೊಳ್ಳುವ ಹೊಣೆಯನ್ನು ಸರ್ಕಾರದ ಮಾನ್ಯತೆ ಪಡೆದ ಶಾಲೆಗಳ ಮೇಲೂ ಹೊರಿಸಿದೆ, ಅಂದರೆ ಖಾಸಗಿ ಶಾಲೆಯೂ ಅದರಿಂದ ಹೊರತಲ್ಲ. ಮಾತಿನಲ್ಲಿ ಆಗದಿದ್ದರೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ, ಅದಕ್ಕೂ ಬಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಇದೆ.

ನಿಮ್ಮ ನಿದ್ದೆ ಕೆಡಿಸಿದ ಸರ್ಟಿಫಿಕೇಟ್ ವಿಷಯಕ್ಕೆ ಬರುತ್ತೇನೆ. ಆ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ತಪಾಸಣೆ ಮಾಡಿಸಿದ ಮಾತ್ರಕ್ಕೆ ಪ್ರಮಾಣಪತ್ರ ಮಾಡಿಸಲೇಬೇಕೆಂದಿಲ್ಲ, ಅವೆರಡೂ ಬೇರೆ ಬೇರೆ. 2018ರ ಮಾರ್ಗಸೂಚಿಯಂತೆ ಎಂಟು ವರ್ಷದ ನಂತರ ಪ್ರಮಾಣಪತ್ರ ಪಡೆಯಬಹುದಿತ್ತು, 14 ಮತ್ತು 18ರ ವಯಸ್ಸಿನಲ್ಲಿ ಮರುಪರೀಕ್ಷೆ ಇತ್ತು; 2024ರಲ್ಲಿ ಮಾರ್ಗಸೂಚಿ ಪರಿಷ್ಕೃತವಾಗಿರುವುದರಿಂದ ಈಗಿನ ನಿಯಮವನ್ನು ಆಸ್ಪತ್ರೆಯಲ್ಲಿ ವಿಚಾರಿಸಿ. ಅರ್ಜಿ ಹಾಕುವುದು ಅಂಗವಿಕಲರ ಗುರುತಿನ ಕಾರ್ಡಿನ, ಅಂದರೆ ಯುಡಿಐಡಿ ಜಾಲತಾಣದ ಮೂಲಕ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಲಾಭಗಳು ದೊಡ್ಡವು: ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ-ಮೂರನೇ ಭಾಷೆಯ ವಿನಾಯಿತಿಯಂಥ ಸೌಲಭ್ಯಗಳನ್ನು ಕಾಯ್ದೆಯೇ ಹೆಸರಿಸುತ್ತದೆ, ಶೇ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಇದ್ದರೆ ಮುಂದೆ ಕಾಲೇಜು ಮತ್ತು ಸರ್ಕಾರಿ ನೌಕರಿಯಲ್ಲಿ ಮೀಸಲಾತಿಗೂ ದಾರಿಯಾಗುತ್ತದೆ. ನಷ್ಟವೆಂದರೆ ಊರಿನವರ ಮಾತು, ಮತ್ತು ಶಾಲೆಯವರು ‘ಇವನಿಗೆ ಆಗುವುದಿಲ್ಲ ಬಿಡಿ’ ಎಂದು ಕೈಚೆಲ್ಲುವ ಸಾಧ್ಯತೆ. ಭಾಷಾ ವಿನಾಯಿತಿಯನ್ನು ಅವಸರದಿಂದ ತೆಗೆದುಕೊಂಡರೆ ಆ ಭಾಷೆಯ ಕಲಿಕೆ ಅಲ್ಲಿಗೇ ನಿಲ್ಲುವ ಅಪಾಯವೂ ಇದೆ. ನನ್ನ ಸಲಹೆ ಇದು: ಈಗ ತಪಾಸಣೆಯ ವರದಿ ಮತ್ತು ಕಲಿಸುವ ಕೆಲಸ ಸಾಕು, ಒಂದು ವರ್ಷದ ನಂತರವೂ ಅಂತರ ದೊಡ್ಡದಾಗಿಯೇ ಇದ್ದರೆ ಪ್ರಮಾಣಪತ್ರ ಮಾಡಿಸಿ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಓಡಾಡಿದರೆ ಹೊತ್ತು ಮೀರಿರುತ್ತದೆ, ಎಂಟನೇ ತರಗತಿಯೊಳಗೆ ಕಾಗದಗಳು ಕೈಯಲ್ಲಿರಲಿ. ಆ ಕಾರ್ಡನ್ನು ಯಾರಿಗೆ ತೋರಿಸಬೇಕು ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ.

ಮಗಳ ವಿಷಯ. ತಂದೆಗೋ ಅಣ್ಣನಿಗೋ ಇದ್ದರೆ ಸಾಧ್ಯತೆ ಹೆಚ್ಚುತ್ತದೆ, ಬಂದೇ ಬರುತ್ತದೆ ಎಂದಲ್ಲ. ಯುಕೆಜಿ ಮಗುವಿಗೆ ಯಾರಾದರೂ ಡಿಸ್ಲೆಕ್ಸಿಯಾ ಎಂದು ಹೆಸರಿಟ್ಟರೆ ನಂಬಬೇಡಿ, ಆ ವಯಸ್ಸಿನಲ್ಲಿ ಖಚಿತವಾಗಿ ಹೇಳಲಾಗದು. ಮಾತು ತಡವಾಗಿ ಬಂದಿತ್ತೇ, ಪ್ರಾಸದ ಹಾಡುಗಳಲ್ಲಿ ಆಸಕ್ತಿ ಇಲ್ಲವೇ, ಬಣ್ಣ, ವಾರದ ಹೆಸರುಗಳನ್ನು ಹೇಳಲು ತಡಕಾಡುತ್ತಾಳೆಯೇ ಎಂದು ಗಮನಿಸುತ್ತಿರಿ, ಅಣ್ಣನ ಜೊತೆ ಪದ ತುಂಡರಿಸುವ ಆಟಕ್ಕೆ ಅವಳನ್ನೂ ಕೂರಿಸಿಕೊಳ್ಳಿ. ಎರಡನೇ ತರಗತಿಯ ಕೊನೆಗೂ ಸರಳ ಪದಗಳು ಕೂಡಿ ಬರದಿದ್ದರೆ ಆಗ ಅವಳನ್ನೂ ತೋರಿಸಿ. ಅಣ್ಣನನ್ನು ಧಾರವಾಡಕ್ಕೋ ಬಾಗಲಕೋಟೆಗೋ ಕರೆದೊಯ್ಯುವಾಗ ಅವನಿಗೆ ಸುಳ್ಳು ಹೇಳಬೇಡಿ. ‘ನಿನಗೆ ಓದು ಯಾಕೆ ಇಷ್ಟು ಕಷ್ಟವಾಗುತ್ತದೆ ಎಂದು ತಿಳಿದವರನ್ನು ಕೇಳಿಕೊಂಡು ಬರೋಣ, ಅಲ್ಲಿ ಸೂಜಿ ಚುಚ್ಚುವುದಿಲ್ಲ, ಪಾಸು-ಫೇಲೂ ಇಲ್ಲ’ ಎಂದು ಹೇಳಿ.